ಹತ್ತನೆಯ ಹೆಬ್ಬೆರಳು

ಹದಿನೆಂಟು ವರ್ಷಗಳ ಕಾಲ ನಾನು ಒಂದು ಪತ್ರಿಕೆಗೆ ಪುಸ್ತಕಗಳ ಮೇಲೆ ಅಭಿಪ್ರಾಯ ಬರೆದುಕೊಟ್ಟವನು. ವಿಮರ್ಶೆ ಎಂಬ ದೊಡ್ಡ ಹೆಸರಿನಿಂದ ಅದನ್ನು ಕರೆಯಲು ನನಗೆ ಈಗಲೂ ಸಂಕೋಚ. ಹಗಲೆಲ್ಲ ಬ್ಯಾಂಕಿನಲ್ಲಿ ಜಮಾ-ಖರ್ಚು ನೋಡಿ, ರಾತ್ರಿ ಊಟವಾದ ಮೇಲೆ, ಮುನ್ನೂರು ಪುಟದ ಕಾದಂಬರಿಗೆ ನೂರೈವತ್ತು ಮಾತಿನಲ್ಲಿ ನ್ಯಾಯ ಹೇಳುತ್ತಿದ್ದೆ. ಆ ಕಸುಬಿನಲ್ಲಿ ನಾನು ಕಲಿತದ್ದು ಒಂದೇ ವಿದ್ಯೆ. ಅದು ನಡುವಿನ ಮಾತು. "ಲೇಖಕರಲ್ಲಿ ಶಕ್ತಿಯಿದೆ, ಅದಕ್ಕೆ ಇನ್ನಷ್ಟು ಸಂಯಮ ಬೇಕು" ಎಂದರೆ ಏನರ್ಥ ಎಂಬುದು ನನಗೂ ಗೊತ್ತು, ಲೇಖಕರಿಗೂ ಗೊತ್ತು, ಓದುಗರಿಗಂತೂ ಚೆನ್ನಾಗಿ ಗೊತ್ತು. "ಮುದ್ರಣ ಅಚ್ಚುಕಟ್ಟಾಗಿದೆ" ಎಂದು ಬರೆದೆನೆಂದರೆ ಒಳಗಿನ ವಿಷಯ ಎತ್ತದಿರುವುದೇ ಲೇಸು ಎಂದು ಜಾಣರು ತಿಳಿದುಕೊಳ್ಳುತ್ತಿದ್ದರು. ಇಂಥ ನನಗೆ, ಎಪ್ಪತ್ತು ತುಂಬಿದ ಮೇಲೆ, ಒಂದು ಕಂಪ್ಯೂಟರ್ ಆಟದ ಮೇಲೆ ಅಭಿಪ್ರಾಯ ಕೊಡಬೇಕಾದ ಪ್ರಸಂಗ ಒದಗಿತು. ಅದೂ ಮೊದಲು ಮಾತಿನಿಂದಲ್ಲ, ಹೆಬ್ಬೆರಳಿನಿಂದ.

ನನ್ನ ತಮ್ಮನ ಮಗ ಬೆಂಗಳೂರಿನಲ್ಲಿದ್ದಾನೆ. ಎಲ್ಲರ ಮಕ್ಕಳಂತೆ ಇಂಜಿನಿಯರಿಂಗ್ ಓದಿ ಒಂದು ಕಂಪೆನಿಗೆ ಸೇರಿದ. ಎಲ್ಲರ ಮಕ್ಕಳಂತಲ್ಲದೆ ಅದನ್ನು ಬಿಟ್ಟ. ಇಬ್ಬರು ಗೆಳೆಯರ ಜೊತೆ ಒಂದು ಬಾಡಿಗೆ ಕೋಣೆಯಲ್ಲಿ ಕುಳಿತು ಮೂರು ವರ್ಷ ಒಂದು ಆಟ ಕಟ್ಟಿದ. ಮೂರು ವರ್ಷವೂ ಅವನ ತಾಯಿ ಬಂದವರಿಗೆಲ್ಲ "ಏನೋ ಮಾಡ್ತಿದಾನೆ" ಎಂದೇ ಹೇಳುತ್ತಿದ್ದಳು. ಆಟ ಹೊರಕ್ಕೆ ಬಂದು ಎರಡು ತಿಂಗಳಾದ ಮೇಲೆ ಒಂದು ದಿನ ಆಕೆ ನನಗೆ ಫೋನು ಮಾಡಿದಳು.

"ಭಾವ, ಅವನಾಗಿ ನಿಮ್ಮನ್ನು ಕೇಳೋದಿಲ್ಲ. ಒಂಬತ್ತು ಜನ ಬರೆದಿದ್ದಾರಂತೆ. ಹತ್ತು ಆಗಬೇಕಂತೆ. ನೀವು ಎಷ್ಟು ಪುಸ್ತಕಕ್ಕೆ ಬರೆದಿಲ್ಲ! ಇದಕ್ಕೂ ಒಂದು ಮಾತು ಬರೆದುಬಿಡಿ."

ಒಂಬತ್ತು ಏನು, ಹತ್ತು ಏನು ಎಂಬುದನ್ನು ನಾನು ತಿಳಿದುಕೊಳ್ಳಬೇಕಾಯಿತು. ಓದುಗರಲ್ಲಿ ಕಿರಿಯರಿಗೆ ಇದೆಲ್ಲ ನೀರು ಕುಡಿದಷ್ಟು ಸಲೀಸಾಗಿರಬಹುದು. ನನ್ನಂಥವರ ಸಲುವಾಗಿ ಸ್ವಲ್ಪ ವಿವರಿಸುತ್ತೇನೆ. ಸ್ಟೀಮ್ ಎಂಬುದು ಅಮೆರಿಕದ ವಾಲ್ವ್ ಎಂಬ ಕಂಪೆನಿ 2003ರಲ್ಲಿ ತೆರೆದ ಅಂಗಡಿ. ಮೊದಲು ತಮ್ಮದೇ ಆಟಗಳನ್ನು ಜನರಿಗೆ ತಲಪಿಸುವುದಕ್ಕೆ ತೆರೆದದ್ದು, ಬರಬರುತ್ತ ಊರವರೆಲ್ಲ ತಂದು ಹರವುವ ದೊಡ್ಡ ಸಂತೆಯಾಯಿತು. ಆಟ ಕೊಂಡವರು ಅಲ್ಲಿಯೇ ಅಭಿಪ್ರಾಯ ಬರೆಯುವ ಏರ್ಪಾಡು ಬಂದದ್ದು 2013ರ ಕೊನೆಯಲ್ಲಿ. ಬರೆಯುವವನು ಮೊದಲು ಒಂದು ಪ್ರಶ್ನೆಗೆ ಉತ್ತರ ಕೊಡಬೇಕು: ಈ ಆಟವನ್ನು ಇನ್ನೊಬ್ಬರಿಗೆ ಶಿಫಾರಸು ಮಾಡುವಿರಾ? ಹೌದು ಎಂದರೆ ಹೆಬ್ಬೆರಳು ಮೇಲೆ, ಇಲ್ಲ ಎಂದರೆ ಹೆಬ್ಬೆರಳು ಕೆಳಗೆ. ಮೂರನೆಯ ಬೆರಳಿಲ್ಲ. ನಾಲ್ಕು ಪುಟ ಬೇಕಾದರೂ ಬರೆಯಿರಿ, ಆದರೆ ಲೆಕ್ಕಕ್ಕೆ ಹೋಗುವುದು ಬೆರಳು ಮಾತ್ರ.

ಆ ಬೆರಳುಗಳನ್ನೆಲ್ಲ ಕೂಡಿಸಿ, ನೂರಕ್ಕೆ ಎಷ್ಟು ಎಂದು ಭಾಗಿಸಿ, ಆಟದ ಹೆಸರಿನ ಪಕ್ಕದಲ್ಲಿ ಒಂದು ಪಟ್ಟಿ ಅಂಟಿಸುತ್ತಾರೆ. 70 ಮುಟ್ಟಿದರೆ 'ಮೋಸ್ಟ್ಲಿ ಪಾಸಿಟಿವ್', ಎಂದರೆ ಬಹುಮಟ್ಟಿಗೆ ಒಳ್ಳೆಯದು. 40ಕ್ಕೆ ಮೇಲೆ 70ಕ್ಕೆ ಒಳಗೆ ಇದ್ದರೆ 'ಮಿಕ್ಸೆಡ್'. 500ಕ್ಕೂ ಹೆಚ್ಚು ಜನ ಬರೆದು 95 ದಾಟಿದರೆ 'ಓವರ್‌ವೆಲ್ಮಿಂಗ್ಲಿ ಪಾಸಿಟಿವ್' ಎಂಬ ಮಹಾಬಿರುದು. ಹತ್ತು ಅಭಿಪ್ರಾಯ ಸೇರುವ ತನಕ ಯಾವ ಪಟ್ಟಿಯೂ ಇಲ್ಲ. ಪಟ್ಟಿಯಿಲ್ಲದ ಆಟದ ಮುಂದೆ ಗಿರಾಕಿ ನಿಲ್ಲುವುದಿಲ್ಲ ಎಂದು ಆಟ ಕಟ್ಟುವ ಹುಡುಗರ ನಂಬಿಕೆ. ಬೋರ್ಡಿಲ್ಲದ ಹೋಟೆಲಿಗೆ ನಾವಾದರೂ ಎಲ್ಲಿ ಹೋಗುತ್ತೇವೆ?

ನಾನು ಒಪ್ಪಿ ಹುಡುಗನಿಗೆ ಹೇಳಿ ಕಳಿಸಿದೆ. ಅವನೇ ಫೋನು ಮಾಡಿದ. "ದೊಡ್ಡಪ್ಪ, ನಿಮಗೆ ಆಟದ ಕೀಲಿ ಪುಕ್ಕಟೆ ಕಳಿಸ್ತೀನಿ. ಆದರೆ ಕೀಲಿ ತಗೊಂಡವರು ಬರೆದದ್ದು ಲೆಕ್ಕಕ್ಕೆ ಬರಲ್ಲ. ನೀವು ಸುಮ್ಮನೆ ಆಡಿ, ಸಾಕು. ಅಮ್ಮ ಹೇಳಿದ್ದು ತಲೆಗೆ ಹಾಕ್ಕೋಬೇಡಿ." ವಿಚಾರಿಸಿದೆ. ನಿಜವೇ. ಆಟ ಕಟ್ಟಿದವರಿಂದ ಪುಕ್ಕಟೆ ಕೀಲಿ ಪಡೆದವರು ಹೊಗಳಿ ಹೊಗಳಿ ಅಂಕ ಏರಿಸುತ್ತಿದ್ದಾರೆಂದು, ಅಂಥವರ ಬೆರಳನ್ನು 2016ರಿಂದ ಎಣಿಕೆಯಲ್ಲಿ ಸೇರಿಸುವುದಿಲ್ಲವಂತೆ. ಇದನ್ನು ಕೇಳಿ ನನಗೆ ಮೈ ಬೆವರಿತು. ಹದಿನೆಂಟು ವರ್ಷದಲ್ಲಿ ನಾನು ಬರೆದ ಒಂದೊಂದು ಅಭಿಪ್ರಾಯವೂ ಗೌರವಪ್ರತಿಯ ಮೇಲೆ ಬರೆದದ್ದು! ನನ್ನ ಕಪಾಟಿನ ಮುಕ್ಕಾಲು ಪಾಲು ಹಾಗೆ ತುಂಬಿದ್ದು. ಈ ಕಾನೂನು ನಮ್ಮಲ್ಲಿ ಇದ್ದಿದ್ದರೆ ಕನ್ನಡದ ವಿಮರ್ಶೆಯಲ್ಲಿ ಉಳಿಯುತ್ತಿದ್ದುದು ಎಷ್ಟು?

ಇನ್ನೂ ಒಂದು ಕಾನೂನು ಇದೆ, ಅದು ಇದಕ್ಕಿಂತ ಭಯಂಕರ. ಅಭಿಪ್ರಾಯದ ಪಕ್ಕದಲ್ಲಿ, ಬರೆದವನು ಎಷ್ಟು ಗಂಟೆ ಆಡಿದ್ದಾನೆ ಎಂಬುದನ್ನು ಅಂಗಡಿಯವರೇ ನಮೂದಿಸುತ್ತಾರೆ. ಓದಿದ ಗಂಟೆ ಎಷ್ಟೆಂದು ಪುಸ್ತಕ ವಿಮರ್ಶಕನ ಹೆಸರಿನ ಕೆಳಗೆ ಅಚ್ಚು ಹಾಕುವುದಾಗಿದ್ದರೆ ಏನಾಗುತ್ತಿತ್ತು ಎಂಬುದನ್ನು ನಾನು ಹೆಚ್ಚು ಹೊತ್ತು ಯೋಚಿಸಲು ಹೋಗಲಿಲ್ಲ. ಮುನ್ನುಡಿ, ಬೆನ್ನುಡಿ, ನಡುವೆ ಒಂದು ಇಪ್ಪತ್ತು ಪುಟ... ಇರಲಿ. ಈ ಗಂಟೆಯ ಲೆಕ್ಕವೂ ಪೂರಾ ನಂಬತಕ್ಕದ್ದಲ್ಲ. ಆಟ ತೆರೆದಿಟ್ಟು ನಾನು ಕಾಫಿಗೆ ಎದ್ದುಹೋದ ಹೊತ್ತೂ ಅದರಲ್ಲಿ ಸೇರುತ್ತದೆ. ಸಾವಿರ ಗಂಟೆ ಆಡಿ ಕೊನೆಗೆ "ಆಡಬೇಡಿ" ಎಂದು ಬೆರಳು ಇಳಿಸಿದವರನ್ನೂ ಅಲ್ಲಿ ಕಂಡೆ. ಅವರನ್ನು ಜನ ಗೇಲಿ ಮಾಡುತ್ತಾರೆ. ನನಗೇನೋ ಅವರು ನಂಬಬಹುದಾದವರು ಎನ್ನಿಸಿತು. ಮೂವತ್ತು ವರ್ಷ ನಶ್ಯ ಹಾಕಿದವನೇ ಅಲ್ಲವೆ ನಶ್ಯದ ವಿಷಯ ಹೇಳಬೇಕಾದವನು?

ಕೀಲಿ ಬೇಡವೆಂದು, ಪಕ್ಕದ ಮನೆಯ ಕಾಲೇಜು ಹುಡುಗನನ್ನು ಕೂರಿಸಿಕೊಂಡು, ದುಡ್ಡು ಕೊಟ್ಟೇ ಆಟ ಕೊಂಡೆ.

ಆಟ ಇದು. ರಾತ್ರಿ, ಹೊಳೆ, ಒಂದು ಹರಿಗೋಲು, ಒಬ್ಬ ಅಂಬಿಗ. ಗುಂಡಿಲ್ಲ, ಗುದ್ದಾಟವಿಲ್ಲ. ಈ ದಡದಲ್ಲಿ ಕಾದವರನ್ನು ಒಬ್ಬೊಬ್ಬರಾಗಿ ಆ ದಡಕ್ಕೆ ದಾಟಿಸಬೇಕು. ದಾಟುವ ಹೊತ್ತಿನಲ್ಲಿ ಅವರು ಏನಾದರೂ ಹೇಳುತ್ತಾರೆ; ಸುಳಿಗೆ ಸಿಕ್ಕರೆ ಮಾತು ಅರ್ಧಕ್ಕೆ ನಿಲ್ಲುತ್ತದೆ, ಆ ಕತೆ ಮತ್ತೆ ಸಿಗುವುದಿಲ್ಲ. ನಾನು ಹುಟ್ಟಿ ಬೆಳೆದದ್ದು ತಲಕಾಡಿನ ಕಡೆ, ಕಾವೇರಿಯ ದಂಡೆಯಲ್ಲಿ. ಶಾಲೆಗೆ, ಸಂತೆಗೆ, ಮದುವೆಗೆ, ತಿಥಿಗೆ, ಎಲ್ಲಕ್ಕೂ ಹರಿಗೋಲಿನಲ್ಲೇ ದಾಟಿದವರು ನಾವು. ಆದುದರಿಂದ ಆಟ ಶುರುವಾಗಿ ಎರಡು ನಿಮಿಷದಲ್ಲಿ ನನಗೆ ತಪ್ಪು ಕಂಡಿತು. ಹರಿಗೋಲು ನೆಟ್ಟಗೆ ಹೋಗುತ್ತಿತ್ತು! ಹರಿಗೋಲು ನೆಟ್ಟಗೆ ಹೋಗುವುದುಂಟೆ? ಅದು ಬುಟ್ಟಿ, ದುಂಡಗಿನದು, ಅದಕ್ಕೆ ಮುಂದೆ ಹಿಂದೆ ಎಂಬುದಿಲ್ಲ. ಹುಟ್ಟು ಹಾಕುವುದು ಒಂದು ಗಳಿಗೆ ತಪ್ಪಿದರೆ ಗಿರ್ರನೆ ತಿರುಗುತ್ತದೆ. ಎದುರು ದಡಕ್ಕೆ ಹೋಗಬೇಕಾದರೆ ಅಂಬಿಗ ಮೊದಲು ಈ ದಡದ ಗುಂಟ ಮೇಲಕ್ಕೆ ಎಳೆದುಕೊಂಡು ಹೋಗಿ, ಅಲ್ಲಿಂದ ನೀರಿಗೆ ಬಿಟ್ಟು, ಸೆಳವಿನ ಜೊತೆ ಓರೆಯಾಗಿ ಇಳಿದು, ಕೆಳಗಿನ ಗಟ್ಟ ಮುಟ್ಟುತ್ತಾನೆ. ಈ ಹುಡುಗರು ಹರಿಗೋಲಿಗೆ ದೋಣಿಯ ನಡೆ ಕೊಟ್ಟಿದ್ದರು. ಚಿತ್ರ ಚೆನ್ನಾಗಿದೆ, ನೀರಿನ ಸದ್ದು ಚೆನ್ನಾಗಿದೆ, ನಡೆ ಸುಳ್ಳು. ಆ ನಡೆಯೇ ತಾನೆ ಆಟ?

ಬೇಸರದಿಂದಲೇ ಮುಂದುವರಿದೆ. ಆರನೆಯವಳಾಗಿ ಒಬ್ಬಳು ಮುದುಕಿ ಹತ್ತಿದಳು, ಮಡಿಲಲ್ಲಿ ಹುಣಿಸೆಹಣ್ಣಿನ ಗಂಟು. ನಡುಹೊಳೆಗೆ ಬಂದಾಗ "ಅಯ್ಯೋ, ಬಾಗಿಲ ಚಿಲಕ ಹಾಕಿದೆನೋ ಇಲ್ಲವೋ! ತಿರುಗಿಸಪ್ಪ" ಎಂದಳು.

ನಾನು ಅಂಬಿಗನನ್ನು ಹಾಗೆಯೇ ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಅದು ನಮ್ಮ ಅಮ್ಮನ ಮಾತು. ಯಾವಾಗ ಹೊಳೆ ದಾಟಿದರೂ, ನೀರು ಆಳವಾಗುವ ಕಡೆ ಬಂದಾಗ, ಅಮ್ಮ ಆ ಮಾತು ಹೇಳದೆ ಇದ್ದದ್ದೇ ಇಲ್ಲ. ಈ ಹುಡುಗ ಹುಟ್ಟುವುದಕ್ಕೆ ಎರಡು ವರ್ಷ ಮೊದಲೇ ಆಕೆ ತೀರಿಕೊಂಡರು. ನನ್ನ ತಮ್ಮ ಮಾತು ಕಡಿಮೆಯವನು. ಯಾವ ರಾತ್ರಿ, ಯಾವ ಊಟದ ನಡುವೆ ಅವನು ಮಗನಿಗೆ ಇದನ್ನು ಹೇಳಿದನೋ!

ಇನ್ನು ಹೆಬ್ಬೆರಳಿನ ವಿಷಯ. ಒಂಬತ್ತು ಜನರಲ್ಲಿ ಆರು ಮೇಲೆ, ಮೂರು ಕೆಳಗೆ. ನಾನು ಮೇಲೆತ್ತಿದರೆ ಹತ್ತಕ್ಕೆ ಏಳು, ನೂರಕ್ಕೆ 70, 'ಬಹುಮಟ್ಟಿಗೆ ಒಳ್ಳೆಯದು'. ಇಳಿಸಿದರೆ ನೂರಕ್ಕೆ 60, 'ಮಿಕ್ಸೆಡ್'. ಪಟ್ಟಿಯ ಬಣ್ಣ ಕೂಡ ಬೇರೆ. ಒಳ್ಳೆಯದಕ್ಕೆ ನೀಲಿ, ಮಿಶ್ರಕ್ಕೆ ಕಂದು. ಮೂರು ವರ್ಷದ ದುಡಿಮೆ ನೀಲಿಯೋ ಕಂದೋ ಎಂಬುದು, ಹರಿಗೋಲು ತಿರುಗಲಿಲ್ಲವೆಂದು ಮುನಿಸಿಕೊಂಡ ಒಬ್ಬ ಮುದುಕನ ಬೆರಳಿನ ಮೇಲೆ ನಿಂತಿತ್ತು.

ಆ ಒಂಬತ್ತನ್ನೂ ಓದಿದೆ. ಕೆಳಗಿಳಿಸಿದ ಮೂವರಲ್ಲಿ ಒಬ್ಬನ ಕಂಪ್ಯೂಟರು ಹಳೆಯದು, ಆಟ ತೆರೆಯಲೇ ಇಲ್ಲ. ಹೊಳೆ ದಾಟಲಾಗದ್ದಕ್ಕೆ ಹೊಳೆಯನ್ನು ಬೈದ ಹಾಗೆ. ಇನ್ನೊಬ್ಬ "ಶತ್ರುಗಳೇ ಇಲ್ಲ" ಎಂದು ಬರೆದಿದ್ದ. ಪಾಪ, ಬೇರೆ ಅಂಗಡಿಗೆ ಹೋಗಬೇಕಾದವನು. ಮೂರನೆಯವನು ಎರಡು ಪುಟ ಬರೆದಿದ್ದ. ಮುದುಕಿಯನ್ನು ಹೊಗಳಿದ್ದ, ನೀರಿನ ಸದ್ದನ್ನು ಹೊಗಳಿದ್ದ. ಕೊನೆಗೆ "ಬೆಲೆ ಇಳಿದ ಮೇಲೆ ಕೊಳ್ಳಿ" ಎಂದು ಬೆರಳು ಇಳಿಸಿದ್ದ. ಅಲ್ಲಿದ್ದ ಅತ್ಯುತ್ತಮವಾದ ಹೊಗಳಿಕೆ ಬೈಗುಳದ ಕಡೆ ಜಮಾ ಆಗಿತ್ತು. ಮೇಲೆತ್ತಿದ ಆರರಲ್ಲಿ ಇಬ್ಬರು ತಲಾ ಎರಡೆರಡು ಪದ. ಒಬ್ಬ ಹಾಸ್ಯ ಬರೆದಿದ್ದ: ತನಗೆ ಈಜು ಬಾರದು, ಈಗ ಇನ್ನೂ ಬಾರದು. ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ದುಡಿದ ನನಗೆ ಈ ಲೆಡ್ಜರು ಸರಿಬೀಳಲಿಲ್ಲ. ಯಾವ ಬಾಬ್ತು ಎಂದು ನೋಡದೆ ಮೊತ್ತ ಮಾತ್ರ ಕೂಡಿದ ಲೆಡ್ಜರನ್ನು ನಮ್ಮ ಆಡಿಟರು ಮುಖಕ್ಕೆ ಎಸೆಯುತ್ತಿದ್ದರು.

ಅದೂ ಅಲ್ಲದೆ ನೂರಕ್ಕೆ ಇಷ್ಟು ಎಂಬುದು ಅಳೆಯುವುದಾದರೂ ಏನನ್ನು? ಹತ್ತು ಜನ ಊಟಕ್ಕೆ ಕುಳಿತಾಗ ಇಡ್ಲಿಯನ್ನು ಬೇಡ ಎನ್ನುವವರು ಯಾರೂ ಇಲ್ಲ, ನೂರಕ್ಕೆ ನೂರು. ಹಾಗಲಕಾಯಿ ಗೊಜ್ಜಿಗೆ ನಾಲ್ವರು ಮೂಗು ಮುರಿಯುತ್ತಾರೆ. ಉಳಿದ ಆರು ಜನ ಅದಕ್ಕಾಗಿ ಮೈಸೂರಿನಿಂದ ನಂಜನಗೂಡಿಗೆ ನಡೆದುಹೋಗುತ್ತಾರೆ. ಪಟ್ಟಿಯಲ್ಲಿ ಗೊಜ್ಜು 'ಮಿಕ್ಸೆಡ್'. ಎಷ್ಟು ಜನಕ್ಕೆ ಹಿಡಿಸಿತು ಎಂಬುದು ಗೊತ್ತಾಗುತ್ತದೆ, ಎಷ್ಟು ಹಿಡಿಸಿತು ಎಂಬುದು ಗೊತ್ತಾಗುವುದಿಲ್ಲ.

ಒಂದೆರಡು ದಿನ ನಾನು ಈ ಅಂಗಡಿಯ ಹಳೆಯ ಜಗಳಗಳನ್ನು ಓದುತ್ತ ಕಳೆದೆ. ಕೆಲಸ ಮುಂದಕ್ಕೆ ಹಾಕುವುದಕ್ಕೆ ಓದಿನಷ್ಟು ಮರ್ಯಾದೆಯ ದಾರಿ ಇನ್ನೊಂದಿಲ್ಲ. 2017ರಲ್ಲಿ ಫೈರ್‌ವಾಚ್ ಎಂಬ ಆಟ ಕಟ್ಟಿದವರು, ಸ್ವೀಡನ್ನಿನ ಒಬ್ಬ ಹೆಸರಾಂತ ವಿಡಿಯೋಗಾರ ಜನಾಂಗವನ್ನು ಹೀನಾಯಿಸುವ ಮಾತಾಡಿದನೆಂದು, ತಮ್ಮ ಆಟದ ಮೇಲಿನ ಅವನ ವಿಡಿಯೋವನ್ನು ತೆಗೆಸಿದರು. ಅವನ ಅಭಿಮಾನಿಗಳು ಹಿಂಡುಹಿಂಡಾಗಿ ಬಂದು ಬೆರಳು ಇಳಿಸಿದರು. ಆಟ ಹಿಂದಿನ ದಿನ ಹೇಗಿತ್ತೋ ಹಾಗೆಯೇ ಇತ್ತು. ಇಂಥದು ಹೆಚ್ಚಾದ ಮೇಲೆ ವಾಲ್ವ್‌ನವರು 2019ರ ಮಾರ್ಚಿನಲ್ಲಿ ಒಂದು ನಿಯಮ ತಂದರು: ಆಟಕ್ಕೆ ಸಂಬಂಧವಿಲ್ಲದ ದಾಳಿ ಎಂದು ತಮಗೆ ತೋರಿದರೆ ಆ ಅವಧಿಯ ಬೆರಳುಗಳನ್ನು ಲೆಕ್ಕದಿಂದ ಬಿಡುವುದು.

ಅದರ ಮರುತಿಂಗಳೇ ನಿಯಮಕ್ಕೆ ಸೊಗಸಾದ ಪರೀಕ್ಷೆ ಬಂತು. ಏಪ್ರಿಲ್ 15ರಂದು ಪ್ಯಾರಿಸ್ಸಿನ ನೋತ್ರ್ ದಾಮ್ ಇಗರ್ಜಿಗೆ ಬೆಂಕಿ ಬಿತ್ತು. ಅಸ್ಯಾಸಿನ್ಸ್ ಕ್ರೀಡ್ ಯೂನಿಟಿ ಎಂಬ 2014ರ ಆಟದಲ್ಲಿ ಆ ಇಗರ್ಜಿಯನ್ನು ಕಲ್ಲುಕಲ್ಲಾಗಿ ಕಟ್ಟಿದ್ದರು. ಅದರ ಕಂಪೆನಿ ಯೂಬಿಸಾಫ್ಟ್, ಆಟವನ್ನು ಕೆಲವು ದಿನ ಪುಕ್ಕಟೆ ಹಂಚಿತು. ಹೊರಬಂದಾಗ ಎಡವಟ್ಟುಗಳಿಂದ ಬೈಗುಳ ತಿಂದಿದ್ದ ಆ ಆಟಕ್ಕೆ ಈಗ ಹೊಗಳಿಕೆಯ ಮಳೆ. ಆಟದಲ್ಲಿ ಒಂದು ಕಲ್ಲೂ ಕದಲಿರಲಿಲ್ಲ. ಉರಿದದ್ದು ಹೊರಗಿನ ಇಗರ್ಜಿ. ಇದು ಸಂಬಂಧವಿಲ್ಲದ್ದೇ? ವಾಲ್ವ್‌ನವರು ನೋಡಿ, ಯೋಚಿಸಿ, ಇದನ್ನು ಬಿಡುವುದು ಬೇಡವೆಂದು ತೀರ್ಮಾನಿಸಿದರು. ನಾನಾದರೂ ಹಾಗೆಯೇ ಮಾಡುತ್ತಿದ್ದೆ. ಆದರೆ ಕೋಪ ಬಂದವನ ಬೆರಳು ಹೊರಗೆ, ಕಣ್ಣೀರು ಬಂದವನ ಬೆರಳು ಒಳಗೆ ಎಂದಾದರೆ, ಅದನ್ನು ಲೆಕ್ಕ ಎನ್ನಬಾರದು, ದಾಕ್ಷಿಣ್ಯ ಎನ್ನಬೇಕು. ದಾಕ್ಷಿಣ್ಯ ನನಗೆ ಹಳೆಯ ಪರಿಚಯ.

ಕೋಪವೆಲ್ಲ ಪುಂಡಾಟವೆಂದೂ ಹೇಳುವಂತಿಲ್ಲ. 2024ರ ಮೇ ತಿಂಗಳಲ್ಲಿ ಹೆಲ್‌ಡೈವರ್ಸ್ 2 ಎಂಬ ಆಟ ಕೊಂಡವರಿಗೆ, ಇನ್ನು ಮೇಲೆ ಸೋನಿ ಕಂಪೆನಿಯ ಖಾತೆಯೊಂದನ್ನು ತೆರೆಯಲೇಬೇಕು ಎಂದು ಆಜ್ಞೆಯಾಯಿತು. ಎಷ್ಟೋ ದೇಶಗಳಲ್ಲಿ ಆ ಖಾತೆ ತೆರೆಯುವ ಸೌಕರ್ಯವೇ ಇರಲಿಲ್ಲ. ದುಡ್ಡು ಕೊಟ್ಟವರು ಹೊರಗೆ ನಿಲ್ಲಬೇಕಾಗುತ್ತಿತ್ತು. ಕೆಲವೇ ದಿನಗಳಲ್ಲಿ 2 ಲಕ್ಷಕ್ಕೂ ಮೇಲ್ಪಟ್ಟು ಬೆರಳುಗಳು ಕೆಳಗಿಳಿದವು, ಸೋನಿಯವರು ಆಜ್ಞೆಯನ್ನು ಹಿಂತೆಗೆದುಕೊಂಡರು. ಹಲವರು ಮರಳಿ ಬಂದು ತಮ್ಮ ಬೆರಳನ್ನು ಮೇಲೆತ್ತಿದರು. ದೂರು ಕೊಡಲು ಅವರ ಕೈಯಲ್ಲಿ ಇದ್ದದ್ದು ಅದೊಂದೇ ಕಾಗದ; ಅದರಲ್ಲೇ ಬರೆದರು. ಅದು ಆಟದ ಗುಣದೋಷದ ಕಾಗದವೆಂದು ಆ ಹೊತ್ತಿನಲ್ಲಿ ಅವರಿಗೆ ಹೇಳಲು ನನಗಂತೂ ಬಾಯಿ ಬರುತ್ತಿರಲಿಲ್ಲ.

ನನ್ನನ್ನು ಹೆಚ್ಚು ಕಾಡಿದ್ದು ಇಂಗ್ಲೆಂಡಿನ ಒಂದು ಸಣ್ಣ ತಂಡದ ಕತೆ. ನೋ ಮ್ಯಾನ್ಸ್ ಸ್ಕೈ ಎಂಬ ಆಟವನ್ನು ಅವರು 2016ರ ಆಗಸ್ಟಿನಲ್ಲಿ ಬಿಟ್ಟರು. ಹೇಳಿದ್ದೆಲ್ಲ ಅದರಲ್ಲಿ ಇರಲಿಲ್ಲ. ಜನ ರೇಗಿದರು, ರೇಗಿದ್ದು ನ್ಯಾಯ. ಆ ತಂಡ ಮಾತು ನಿಲ್ಲಿಸಿ ಕೆಲಸಕ್ಕೆ ಕುಳಿತು, ವರ್ಷವರ್ಷವೂ ಹೊಸದನ್ನು ಸೇರಿಸುತ್ತ, ಅದಕ್ಕೆ ಬೇರೆ ಕಾಸು ಕೇಳದೆ ಆಟವನ್ನು ತಿದ್ದಿತು. ಒಟ್ಟು ಲೆಕ್ಕದಲ್ಲಿ ಆ ಆಟಕ್ಕೆ 'ವೆರಿ ಪಾಸಿಟಿವ್' ಪಟ್ಟಿ ಬಂದದ್ದು 2024ರ ನವೆಂಬರಿನಲ್ಲಿ. ಎಂಟು ವರ್ಷ! ಇತ್ತೀಚಿನ ಅಭಿಪ್ರಾಯಕ್ಕೆ ಬೇರೆ ಪಟ್ಟಿ ಇದೆ ನಿಜ, ಅದನ್ನು 2016ರಲ್ಲೇ ತಂದಿದ್ದಾರೆ. ಆದರೂ ಹಳೆಯ ಬೆರಳುಗಳು ಶಾಸನದ ಅಕ್ಷರದ ಹಾಗೆ ಒಟ್ಟು ಲೆಕ್ಕದಲ್ಲಿ ನಿಂತೇ ಇರುತ್ತವೆ. ಬೈದುಹೋದವನು ತಿರುಗಿ ಬಂದು ನೋಡಿದರೆ ತಾನೆ ಅಳಿಸುವುದು? ಅವನು ಬೇರೆ ಆಟಕ್ಕೆ ಹೋಗಿರುತ್ತಾನೆ. ಬಹುಶಃ ಮದುವೆಯಾಗಿರುತ್ತಾನೆ.

ಹೀಗೆ ನನ್ನ ಮುಂದೆ ಎರಡು ಬೆರಳು ಉಳಿದವು. ಹರಿಗೋಲಿನ ನಡೆಗೆ ಕೆಳಗೆ, ಅಮ್ಮನ ಚಿಲಕಕ್ಕೆ ಮೇಲೆ. ಮೇಲೆತ್ತಿ ಎರಡು ಮಾತಿನಲ್ಲಿ ತಪ್ಪನ್ನೂ ಬರೆಯಬಹುದಿತ್ತು. ಆದರೆ ಆ ಮೆಚ್ಚಿಗೆ ಆಟಕ್ಕೋ ಅಮ್ಮನಿಗೋ ತಮ್ಮನ ಮಗನಿಗೋ? ಮೂವತ್ತು ವರ್ಷದ ಹಿಂದೆ ಹೀಗೆಯೇ ನನ್ನ ಷಡ್ಡಕರ ಕವನ ಸಂಕಲನಕ್ಕೆ "ಉದಯೋನ್ಮುಖ ಪ್ರತಿಭೆ" ಎಂದು ಬರೆದಿದ್ದೆ. ಅವರಿಗೆ ಆಗ ಐವತ್ತೆರಡು ವರ್ಷ. ನನ್ನ ಮಾತನ್ನು ನಂಬಿ ಅವರು ಇನ್ನೂ ನಾಲ್ಕು ಸಂಕಲನ ತಂದರು. ಮನೆಯ ನಿವೇಶನವೊಂದು ಅದರಲ್ಲಿ ಹೋಯಿತು. ಅವರ ಹೆಂಡತಿ ಇಂದಿಗೂ ನಾನು ಹೋದರೆ ಕಾಫಿಗೆ ಸಕ್ಕರೆ ಕಡಿಮೆ ಹಾಕುತ್ತಾರೆ. ಕಂಡೂ ಕಾಣದ ಗಿರಾಕಿಗೆ, ಎಲ್ಲೋ ಪೋಲೆಂಡಿನಲ್ಲೋ ಬ್ರೆಜಿಲ್ಲಿನಲ್ಲೋ ಕುಳಿತು ಊಟದ ಕಾಸು ಉಳಿಸಿ ಆಟ ಕೊಳ್ಳುವ ಹುಡುಗನಿಗೆ, ಈ ಮೆಚ್ಚಿಗೆಯವನು ದೊಡ್ಡಪ್ಪ ಎಂದು ಯಾರು ಹೇಳುತ್ತಾರೆ?

ಬೆರಳು ಎತ್ತಲಿಲ್ಲ, ಇಳಿಸಲೂ ಇಲ್ಲ. ಕಾಗದ ತೆಗೆದುಕೊಂಡು ಹುಡುಗನಿಗೆ ಎಂಟು ಪುಟದ ಪತ್ರ ಬರೆದೆ. ಹರಿಗೋಲು ಹೇಗೆ ತಿರುಗುತ್ತದೆ, ಹುಟ್ಟನ್ನು ಎದೆಯ ಕಡೆಗೆ ಹೇಗೆ ಎಳೆಯುತ್ತಾರೆ, ತೊಗಲಿನ ಹರಿಗೋಲು ನೀರು ಕುಡಿದಾಗ ಹೇಗೆ ಭಾರವಾಗುತ್ತಿತ್ತು, ಮುಂಗಾರಿನಲ್ಲಿ ಎಷ್ಟು ಮೇಲಿನಿಂದ ಬಿಡಬೇಕಾಗುತ್ತಿತ್ತು ಎಂದು, ಓರೆ ಗೆರೆ ಎಳೆದು ಚಿತ್ರವನ್ನೂ ಹಾಕಿದೆ. ಕೊನೆಯ ಪುಟದಲ್ಲಿ ಅಮ್ಮನ ವಿಷಯ. ಅಂಚೆಗೆ ಹಾಕಿ ಬಂದು, ತಮ್ಮನ ಹೆಂಡತಿಗೆ ಫೋನು ಮಾಡಿ, "ನನ್ನಿಂದ ಆಗಲಿಲ್ಲಮ್ಮ" ಎಂದೆ. ಆಕೆ "ಹೋಗಲಿ ಬಿಡಿ ಭಾವ" ಎಂದಳು. ಆ ದನಿ ನನಗೆ ಎರಡು ದಿನ ಕಿವಿಯಲ್ಲಿತ್ತು.

ಮೂರನೆಯ ದಿನ ಬೆಳಿಗ್ಗೆ ಆರೂವರೆಗೆ ಹುಡುಗನ ಫೋನು. "ದೊಡ್ಡಪ್ಪ, ಹತ್ತು ಆಯ್ತು! ಎಪ್ಪತ್ತು ಬಂತು, ನೀಲಿ ಬಂತು!" ಪಕ್ಕದ ಮನೆಯವನನ್ನು ಕರೆದು ತೆಗೆಸಿ ನೋಡಿದೆ. ಯಾವ ದೇಶದವನೋ ಪುಣ್ಯಾತ್ಮ, ಆಡಿದ್ದು ಅರ್ಧ ಗಂಟೆಗೂ ಕಡಿಮೆ, ಬರೆದದ್ದು ಒಂದೇ ಪದ: "ಬೋಟ್". ಹೆಬ್ಬೆರಳು ಮೇಲೆ. ಅದನ್ನು ದೋಣಿ ಎಂದು ಕರೆದು ಮೆಚ್ಚಿದ್ದ!

ನನ್ನ ಪತ್ರ ಅವನಿಗೆ ತಲಪಿದ್ದು ಅದಾದ ಮೇಲೆ. ರಾತ್ರಿ ಮತ್ತೆ ಫೋನು ಬಂತು. ಈ ಸಲ ದನಿ ಮೆತ್ತಗಿತ್ತು. ಗೆಳೆಯರಿಬ್ಬರಿಗೂ ಪತ್ರವನ್ನು ಓದಿ ಹೇಳಿದನಂತೆ. ಅವರಲ್ಲಿ ಒಬ್ಬನಿಗೆ ಕನ್ನಡ ಬಾರದು, ಚಿತ್ರ ನೋಡಿಯೇ ತಲೆ ಚಚ್ಚಿಕೊಂಡನಂತೆ. ನಡೆಯನ್ನು ಮೊದಲಿನಿಂದ ಬರೆಯಬೇಕು, ನಾಲ್ಕು ತಿಂಗಳ ಕೆಲಸ ಎಂದ. ತಿದ್ದಿದ ಮೇಲೆ ಈಗ ಮೆಚ್ಚಿದವರು ಕಷ್ಟವಾಯಿತೆಂದು ಬೆರಳು ಇಳಿಸಿದರೂ ಇಳಿಸಿಯಾರು, ಆಗಲಿ, ಎಂದ. ಆಮೇಲೆ ಸ್ವಲ್ಪ ತಡೆದು ಕೇಳಿದ:

"ದೊಡ್ಡಪ್ಪ, ಅಜ್ಜಿ ನಿಜವಾಗಿ ಚಿಲಕ ಹಾಕಿರ್ತಿದ್ದರಾ?"

"ಪ್ರತಿ ಸಲವೂ ಹಾಕಿರುತ್ತಿದ್ದಳಪ್ಪ" ಎಂದೆ. "ಒಂದೇ ಸಲ ಅಂಬಿಗ ಅವಳ ಮಾತು ಕೇಳಿ ತಿರುಗಿಸಿದ. ಹೋಗಿ ನೋಡಿದರೆ ಹಾಕಿತ್ತು. ಅವನು ಎರಡನೆಯ ಸಲದ ಕೂಲಿ ತೆಗೆದುಕೊಳ್ಳಲಿಲ್ಲ."

"ಅದನ್ನೂ ಹಾಕಲಾ?" ಎಂದ.

ಬರುವ ಭಾನುವಾರ ಮೂವರೂ ಮೈಸೂರಿಗೆ ಬರುತ್ತಾರೆ. ತಲಕಾಡಿಗೆ ಹೋಗಿ ಹರಿಗೋಲು ಹತ್ತುವುದೆಂದು ಮಾತಾಗಿದೆ, ಹೊಳೆಯಲ್ಲಿ ನೀರಿದ್ದರೆ.